ಹಬ್ಬದ ದಿನ ಹುಟ್ಟಿದ ಮಕ್ಕಳ ತೋಟ: ಫ್ರೋಬೆಲ್ ಬದುಕಿನ ಕಥೆ

ನವೆಂಬರ್ ತಿಂಗಳು ಬಂತೆಂದರೆ ಕರ್ನಾಟಕದ ಶಿಶುವಿಹಾರ, ಅಂಗನವಾಡಿಗಳಲ್ಲಿ ಸಡಗರವೋ ಸಡಗರ. ಒಂದನೇ ತಾರೀಕು ರಾಜ್ಯೋತ್ಸವ, ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ. ಛದ್ಮವೇಷ ಸ್ಪರ್ಧೆಗೆ ಒನಕೆ ಹಿಡಿದ ಓಬವ್ವ, ಖಡ್ಗ ಹಿಡಿದ ರಾಯಣ್ಣ, ಕೋಲೂರಿದ ಗಾಂಧಿ ಸಾಲುಗಟ್ಟುತ್ತಾರೆ. ಮೂರು ವರ್ಷದ ಓಬವ್ವ ವೇದಿಕೆಯ ಮೇಲೆ ಒನಕೆ ಬಿಸುಟು ಅಮ್ಮನಿಗಾಗಿ ಅಳುವುದೂ ಉಂಟು. ಇಷ್ಟು ಎಳೆಯ ಮಕ್ಕಳನ್ನು ಸಮುದಾಯದ ಹಬ್ಬಗಳಲ್ಲಿ ಸೇರಿಸಿಕೊಳ್ಳಬೇಕೆಂಬ ಯೋಚನೆಗೆ ದೀರ್ಘ ಇತಿಹಾಸವಿದೆ. ಆ ಇತಿಹಾಸದಲ್ಲಿ ಮುಖ್ಯವಾದ ಹೆಸರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಅವರದು.

ಫ್ರೋಬೆಲ್ ಹೆಸರು ಕೇಳದವರೂ ಅವರು ಕೊಟ್ಟ ಪದವನ್ನು ದಿನನಿತ್ಯ ಬಳಸುತ್ತಾರೆ. ಎಲ್‌ಕೆಜಿ, ಯುಕೆಜಿ ಎನ್ನುವಾಗಿನ ಕೆಜಿ ಎಂದರೆ ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಮಕ್ಕಳ ತೋಟ. ಆ ಪದವನ್ನು ಟಂಕಿಸಿದ ಫ್ರೋಬೆಲ್, ತಮ್ಮ ತೋಟದ ಸ್ಥಾಪನೆಯನ್ನು ಸಾರಲು ಆರಿಸಿಕೊಂಡದ್ದು ಒಂದು ಉತ್ಸವದ ದಿನವನ್ನು. ಅದರ ಹಿರಿಮೆಯನ್ನು ಜನರಿಗೆ ಮನಗಾಣಿಸಿದ್ದು ಇನ್ನೊಂದು ಉತ್ಸವದಿಂದ. ಅದಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಸರ್ಕಾರವೊಂದು ಆ ತೋಟಗಳಿಗೆ ಬೀಗ ಜಡಿಯಿತು.

ತಾಯಿಯಿಲ್ಲದ ಬಾಲ್ಯ

ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ಜರ್ಮನಿಯ ಥುರಿಂಗಿಯಾ ಕಾಡು ಪ್ರದೇಶದ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ. ಆಗ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ನಮ್ಮಲ್ಲಿದ್ದಂತೆ ಅಲ್ಲಿಯೂ ನೂರಾರು ಸಣ್ಣಪುಟ್ಟ ಸಂಸ್ಥಾನಗಳಿದ್ದವು. ತಂದೆ ಲೂಥರನ್ ಪಂಥದ ಪಾದ್ರಿ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆಗೆ ಸುತ್ತಲಿನ ಊರುಗಳ ಚರ್ಚಿನ ಕೆಲಸವೇ ತಲೆತುಂಬ ಇತ್ತು. ಮಲತಾಯಿ ಮೊದಮೊದಲು ಅಕ್ಕರೆ ತೋರಿದರೂ ಸ್ವಂತ ಮಗು ಹುಟ್ಟಿದ ಮೇಲೆ ಈ ಬಾಲಕನನ್ನು ದೂರವಿಟ್ಟರು.

ಚರ್ಚಿಗೆ ಅಂಟಿಕೊಂಡಿದ್ದ ಮನೆ, ಸುತ್ತ ಗೋಡೆ, ಬೇಲಿ. ಊರ ಮಕ್ಕಳೊಡನೆ ಬೆರೆಯುವ ಅವಕಾಶ ಕಡಿಮೆ. ಬಾಲಕ ಫ್ರೆಡ್ರಿಕ್‌ಗೆ ಜೊತೆಯಾಗಿದ್ದುದು ಮನೆಯ ಕೈತೋಟ ಮಾತ್ರ. ಓದಿನಲ್ಲಿ ಮಂದ ಎಂದು ತಂದೆ ತೀರ್ಮಾನಿಸಿದ್ದರು. ಊರಿನ ಗಂಡುಮಕ್ಕಳ ಶಾಲೆಗೆ ಕಳುಹಿಸದೆ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರು. ಮುಂದೆ ಎಳೆಯ ಮಕ್ಕಳ ಶಿಕ್ಷಣವನ್ನು ಮಹಿಳೆಯರ ಕೈಗೊಪ್ಪಿಸಿದ ವ್ಯಕ್ತಿಯ ಮೊದಲ ಪಾಠ ಹುಡುಗಿಯರ ನಡುವೆಯೇ ನಡೆದದ್ದು ವಿಶೇಷವೇ ಸರಿ.

ಹತ್ತನೇ ವಯಸ್ಸಿನಲ್ಲಿ ಬಾಲಕನನ್ನು ಸೋದರಮಾವ ತಮ್ಮೂರು ಷ್ಟಾಟ್‌ಇಲ್ಮ್‌ಗೆ ಕರೆದೊಯ್ದರು. ಅಲ್ಲಿ ಮೊದಲ ಬಾರಿಗೆ ಓರಗೆಯ ಹುಡುಗರೊಂದಿಗೆ ಮನಸೋ ಇಚ್ಛೆ ಆಡುವ ಭಾಗ್ಯ ಒದಗಿತು. ಓಡುವುದರಲ್ಲಿ, ಜಿಗಿಯುವುದರಲ್ಲಿ ಉಳಿದವರಿಗಿಂತ ತಾನು ಹಿಂದೆ ಎಂಬುದು ಗೊತ್ತಾದದ್ದೂ ಅಲ್ಲಿಯೇ. ಒಂಟಿಯಾಗಿ ಬೆಳೆದ ಮಗುವಿಗೆ ಆಟವೂ ಕಲಿಯಬೇಕಾದ ವಿದ್ಯೆ!

ದಾರಿ ಹುಡುಕುತ್ತ ಕಳೆದ ವರ್ಷಗಳು

ಮುಂದಿನ ಹದಿನೆಂಟು ಇಪ್ಪತ್ತು ವರ್ಷಗಳಲ್ಲಿ ಫ್ರೋಬೆಲ್ ಯಾವ ಕೆಲಸದಲ್ಲೂ ಗಟ್ಟಿಯಾಗಿ ನೆಲೆ ನಿಲ್ಲಲಿಲ್ಲ. 1797ರಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಎರಡು ವರ್ಷದ ಶಿಷ್ಯವೃತ್ತಿ. ಗುರು ಕಲಿಸಿದ್ದು ಅಷ್ಟಕ್ಕಷ್ಟೇ. ಗಿಡಮರಗಳನ್ನು ನೋಡುತ್ತ, ರೇಖಾಗಣಿತದ ಪುಸ್ತಕ ಓದುತ್ತ ತಾವೇ ಕಲಿತರು. 1799ರಲ್ಲಿ ಯೇನಾ ವಿಶ್ವವಿದ್ಯಾಲಯ ಸೇರಿದರು. ಕೈಯಲ್ಲಿದ್ದ ಹಣವನ್ನು ಅಣ್ಣನಿಗೆ ಸಾಲ ಕೊಟ್ಟು ತಾವೇ ಸಾಲಗಾರರಾದರು. ತೀರಿಸಲಾಗದೆ ವಿಶ್ವವಿದ್ಯಾಲಯದ ಬಂದೀಖಾನೆಯಲ್ಲಿ ಒಂಬತ್ತು ವಾರ ಕಳೆದು 1801ರಲ್ಲಿ ಬರಿಗೈಯಲ್ಲಿ ಮನೆಗೆ ಮರಳಿದರು.

1805ರಲ್ಲಿ ವಾಸ್ತುಶಿಲ್ಪ ಕಲಿಯಲೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಹೋದಾಗ ಬದುಕು ಹೊಸ ತಿರುವು ಪಡೆಯಿತು. ಅಲ್ಲಿನ ಮಾದರಿ ಶಾಲೆಯ ಮುಖ್ಯಸ್ಥ ಆಂಟನ್ ಗ್ರೂನರ್ ಈ ಯುವಕನಲ್ಲಿ ಶಿಕ್ಷಕನನ್ನು ಕಂಡರು. ತರಗತಿಗೆ ಕಾಲಿಟ್ಟ ಫ್ರೋಬೆಲ್ ಅವರಿಗೆ ನೀರಿಗೆ ಬಿಟ್ಟ ಮೀನಿನ ಅನುಭವ. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಇವರ್ಡನ್‌ಗೆ ತೆರಳಿ ಸುಪ್ರಸಿದ್ಧ ಶಿಕ್ಷಣ ತಜ್ಞ ಪೆಸ್ಟಲೋಜಿಯವರ ಶಾಲೆ ನೋಡಿ ಬಂದರು. 1808ರಿಂದ 1810ರವರೆಗೆ ಶ್ರೀಮಂತ ಮನೆತನವೊಂದರ ಮೂವರು ಬಾಲಕರ ಖಾಸಗಿ ಶಿಕ್ಷಕರಾಗಿ, ಆ ಹುಡುಗರೊಂದಿಗೆ ಅಲ್ಲಿಯೇ ನೆಲೆಸಿದರು. ಪೆಸ್ಟಲೋಜಿ ತಲೆ, ಹೃದಯ, ಕೈಗಳ ಮೂಲಕ ಕಲಿಸುತ್ತಿದ್ದರು. ಶಾಲೆಗೆ ಬರುವ ಮೊದಲಿನ ವರ್ಷಗಳ ಬಗ್ಗೆ ಏನು ಮಾಡಬೇಕೆಂಬ ಪ್ರಶ್ನೆ ಶಿಷ್ಯನ ತಲೆಯಲ್ಲಿ ಬಹುಕಾಲ ಉಳಿಯಿತು.

ಬಳಿಕ ಗಾಟಿಂಗೆನ್, ಬರ್ಲಿನ್‌ಗಳಲ್ಲಿ ವಿಜ್ಞಾನದ ಅಧ್ಯಯನ. ಬರ್ಲಿನ್ನಿನಲ್ಲಿ ಪ್ರೊಫೆಸರ್ ವೈಸ್ ಅವರ ಬಳಿ ಹರಳುಗಳ ರಚನೆಯನ್ನು ಅಭ್ಯಾಸ ಮಾಡಿದರು. ಮುಂದೆ ಮಕ್ಕಳ ಕೈಗಿತ್ತ ಮರದ ಘನಾಕೃತಿಗಳ ಮೇಲೆ ಈ ಅಭ್ಯಾಸದ ನೆರಳು ಸ್ಪಷ್ಟವಾಗಿದೆ. 1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಸ್ವಯಂಸೇವಕರಾಗಿ ಹೊರಟರು. ರಣರಂಗದಲ್ಲಿ ಕೀರ್ತಿ ಗಳಿಸಲಿಲ್ಲ. ಆದರೆ ದಂಡಿನ ಬಿಡಾರದಲ್ಲಿ ವಿಲ್ಹೆಲ್ಮ್ ಮಿಡ್ಡೆನ್‌ಡಾರ್ಫ್, ಹೈನ್ರಿಕ್ ಲಾಂಗೆಥಾಲ್ ಎಂಬ ಇಬ್ಬರು ಗೆಳೆಯರನ್ನು ಗಳಿಸಿದರು. ಅದರಲ್ಲೂ ಮಿಡ್ಡೆನ್‌ಡಾರ್ಫ್ ಕೊನೆಯ ದಿನದವರೆಗೂ ಜೊತೆಗಿದ್ದವರು.

ಅದೇ 1813ರಲ್ಲಿ ಪಾದ್ರಿಯಾಗಿದ್ದ ಅಣ್ಣ ಕ್ರಿಸ್ಟೋಫ್ ವಿಷಮಜ್ವರದಿಂದ ತೀರಿಕೊಂಡರು. ತಂದೆಯಿಲ್ಲದ ಮೂವರು ಗಂಡುಮಕ್ಕಳನ್ನು ಓದಿಸುವ ಹೊಣೆ ಚಿಕ್ಕಪ್ಪನ ಹೆಗಲಿಗೆ ಬಂತು. ಬರ್ಲಿನ್ನಿನ ಖನಿಜ ಸಂಗ್ರಹಾಲಯದ ನೌಕರಿ ತೊರೆದು, ಆ ಮೂವರು ಹಾಗೂ ಇನ್ನೊಬ್ಬ ಅಣ್ಣನ ಇಬ್ಬರು ಮಕ್ಕಳು, ಒಟ್ಟು ಐವರೊಂದಿಗೆ 1816ರ ನವೆಂಬರ್ 13ರಂದು ಗ್ರೀಸ್‌ಹೈಮ್‌ನಲ್ಲಿ ಶಾಲೆ ಆರಂಭಿಸಿದರು. ಮರುವರ್ಷ ಅದು ಕೈಲ್‌ಹಾವ್ ಎಂಬ ಹಳ್ಳಿಗೆ ಸ್ಥಳಾಂತರಗೊಂಡಿತು. 1818ರಲ್ಲಿ ಬರ್ಲಿನ್ನಿನ ಹೆನ್ರಿಯೆಟ್ ವಿಲ್ಹೆಲ್ಮೀನ್ ಅವರನ್ನು ಮದುವೆಯಾದರು. ಸುಖದಲ್ಲಿ ಬೆಳೆದ ಆಕೆ ಹಳ್ಳಿಯ ಬಡ ಶಾಲೆಗೆ ಬಂದು ಸಂಸಾರ ಹೂಡಿದರು.

ಕೈಲ್‌ಹಾವ್‌ನಲ್ಲಿ ಪಾಠಕ್ಕೆ ಎಷ್ಟು ಬೆಲೆಯಿತ್ತೋ ಹೊಲದ ಕೆಲಸ, ಆಟ, ಕಾಲ್ನಡಿಗೆಯ ಪ್ರವಾಸ, ಹಬ್ಬ ಹರಿದಿನಗಳಿಗೂ ಅಷ್ಟೇ ಬೆಲೆಯಿತ್ತು. ಕ್ರಿಸ್‌ಮಸ್ ಅಲ್ಲಿ ದೊಡ್ಡ ಹಬ್ಬ. ನೆಪೋಲಿಯನ್ ಸೋತ ಲೈಪ್‌ಜಿಗ್ ಕದನದ ನೆನಪಿಗೆ ಅಕ್ಟೋಬರ್ 18ರಂದು ಗುಡ್ಡದ ಮೇಲೆ ಬೆಂಕಿ ಹೊತ್ತಿಸಿ ಹಾಡುವ ಪರಿಪಾಠ ಆ ಶಾಲೆಯಲ್ಲಿ ಬೇರೂರಿತು. ಪ್ರಸಿದ್ಧ ಇತಿಹಾಸಜ್ಞ, ಕಾದಂಬರಿಕಾರ ಗಿಯೋರ್ಗ್ ಎಬರ್ಸ್ ಬಾಲ್ಯದಲ್ಲಿ ಇದೇ ಶಾಲೆಯ ವಿದ್ಯಾರ್ಥಿ. ಅಲ್ಲಿನ ಹಬ್ಬಗಳ ಸೊಗಸನ್ನು ತಮ್ಮ ಆತ್ಮಕಥೆಯಲ್ಲಿ ಅಕ್ಕರೆಯಿಂದ ನೆನೆದಿದ್ದಾರೆ.

ಆದರೆ ಅಧಿಕಾರಸ್ಥರಿಗೆ ಈ ಶಾಲೆಯ ಮೇಲೆ ಗುಮಾನಿ. 1819ರ ಬಳಿಕ ಜರ್ಮನ್ ಸಂಸ್ಥಾನಗಳಲ್ಲಿ ವಿದ್ಯಾಸಂಸ್ಥೆಗಳ ಮೇಲೆ ಬಿಗಿ ಕಣ್ಗಾವಲು ಬಂದಿತ್ತು. ಉದ್ದ ಕೂದಲು ಬಿಟ್ಟು, ದೇಶದ ಹಾಡು ಹಾಡುತ್ತ ಅಲೆಯುವ ಹುಡುಗರು ನಾಳೆ ಕ್ರಾಂತಿಕಾರಿಗಳಾದರೆ? ನೆರೆಯ ಪ್ರಷ್ಯಾದ ಒತ್ತಡಕ್ಕೆ ಮಣಿದು ಸ್ಥಳೀಯ ಸಂಸ್ಥಾನ ತನಿಖೆಗೆ ಅಧಿಕಾರಿಯನ್ನು ಕಳುಹಿಸಿತು. ಬಂದ ಅಧಿಕಾರಿ ಶಾಲೆಯನ್ನು ಮನಸಾರೆ ಹೊಗಳಿ ವರದಿ ಕೊಟ್ಟರು! ಅಷ್ಟಾದರೂ ಹೆತ್ತವರ ಭಯ ಹೋಗಲಿಲ್ಲ. 60ರ ಆಸುಪಾಸಿನಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ 1829ರ ವೇಳೆಗೆ ಐದಕ್ಕೆ ಇಳಿಯಿತು. 1826ರಲ್ಲಿ ಅಚ್ಚಾದ ಮಾನವನ ಶಿಕ್ಷಣ ಎಂಬ ಗ್ರಂಥ ಇಂದು ಶಿಕ್ಷಣಶಾಸ್ತ್ರದ ಮೇರುಕೃತಿ ಎನಿಸಿದೆ. ಅಂದು ಅದರಿಂದ ಶಾಲೆಯ ಸಾಲ ತೀರಲಿಲ್ಲ.

1831ರಲ್ಲಿ ಸ್ವಿಟ್ಜರ್‌ಲೆಂಡಿಗೆ ತೆರಳಿದ ಫ್ರೋಬೆಲ್ ಅಲ್ಲಿ ಐದು ವರ್ಷ ಶಾಲೆಗಳನ್ನು ನಡೆಸಿದರು. ಬುರ್ಗ್‌ಡಾರ್ಫ್‌ನ ಅನಾಥಾಲಯದ ಹೊಣೆ ಹೊತ್ತಾಗ, ಶಾಲೆಗೆ ಬರುವ ಹೊತ್ತಿಗಾಗಲೇ ಮಕ್ಕಳಲ್ಲಿ ಬಹಳಷ್ಟು ಮುದುಡಿಹೋಗಿರುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು. ಆರು ವರ್ಷದ ನಂತರವಲ್ಲ, ಆರು ವರ್ಷದ ಮೊದಲೇ ಕೆಲಸ ಆರಂಭಿಸಬೇಕು. ಪತ್ನಿಯ ಅನಾರೋಗ್ಯದಿಂದಾಗಿ 1836ರಲ್ಲಿ ತಾಯ್ನಾಡಿಗೆ ಮರಳುವಾಗ ಅವರ ವಯಸ್ಸು 54. ಜಗತ್ತು ಅವರನ್ನು ನೆನೆಯುವುದು ಆ ವಯಸ್ಸಿನ ನಂತರ ಮಾಡಿದ ಕೆಲಸಕ್ಕಾಗಿ.

ಗುಟೆನ್‌ಬರ್ಗ್ ಉತ್ಸವದ ದಿನ

1837ರಲ್ಲಿ ಕೈಲ್‌ಹಾವ್ ಸಮೀಪದ ಬ್ಲಾಂಕೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಎಳೆಯ ಮಕ್ಕಳ ಆಟಕ್ಕೆಂದೇ ಒಂದು ಸಂಸ್ಥೆ ತೆರೆದರು. ಮಕ್ಕಳ ಕೈಗಿಡಲು ತಾವೇ ರೂಪಿಸಿದ ಆಟಿಕೆಗಳಿಗೆ ಕಾಣಿಕೆಗಳು ಎಂದು ಹೆಸರಿಟ್ಟರು. ಮೊದಲ ಕಾಣಿಕೆ ಕಾಮನಬಿಲ್ಲಿನ ಬಣ್ಣದ ಆರು ಉಣ್ಣೆಯ ಚೆಂಡುಗಳು. ಅನಂತರ ಮರದ ಗೋಲ, ಘನ, ಉರುಳೆ. ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದಾದ ಒಂದು ಘನ. ಅದರಿಂದ ಮಗು ಮೆಟ್ಟಿಲು ಕಟ್ಟಬಹುದು, ಸಿಂಹಾಸನ ಕಟ್ಟಬಹುದು, ಕೆಡವಿ ಮತ್ತೆ ಒಂದಾಗಿಸಬಹುದು. ಇವುಗಳೊಂದಿಗೆ ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕಾರ ಮಾಡುವುದು. ಇಂದಿನ ಯಾವ ಶಿಶುವಿಹಾರಕ್ಕೆ ಹೋದರೂ ಇವುಗಳ ಮರಿಮಕ್ಕಳು ಕಣ್ಣಿಗೆ ಬೀಳುತ್ತವೆ.

1839ರ ಮೇ ತಿಂಗಳಲ್ಲಿ ಪತ್ನಿ ನಿಧನರಾದರು. ಮಕ್ಕಳಿಲ್ಲದ ಫ್ರೋಬೆಲ್ ಒಂಟಿಯಾದರು. ಸಂಸ್ಥೆಗೆ ಒಪ್ಪುವ ಹೆಸರೊಂದು ಸಿಕ್ಕಿರಲಿಲ್ಲ. ಶಾಲೆ ಎಂಬ ಪದ ಅವರಿಗೆ ಬೇಕಿರಲಿಲ್ಲ. ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಆಶ್ರಯಧಾಮ ಎಂಬ ಅರ್ಥವೂ ಬೇಕಿರಲಿಲ್ಲ. 1840ರ ವಸಂತದಲ್ಲಿ ಮಿಡ್ಡೆನ್‌ಡಾರ್ಫ್ ಮತ್ತು ಕೈಲ್‌ಹಾವ್ ಶಾಲೆ ನಡೆಸುತ್ತಿದ್ದ ಬಾರೋಪ್ ಅವರೊಂದಿಗೆ ಗುಡ್ಡದ ದಾರಿಯಲ್ಲಿ ಬ್ಲಾಂಕೆನ್‌ಬುರ್ಗ್‌ನತ್ತ ನಡೆಯುತ್ತಿದ್ದಾಗ, ಕೆಳಗೆ ಕಣಿವೆ ತೋಟದಂತೆ ಹರಡಿಕೊಂಡದ್ದನ್ನು ಕಂಡು ಫ್ರೋಬೆಲ್ ಅಲ್ಲೇ ನಿಂತು ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೂಗಿ ಹೇಳಿದರೆಂದು ಗೆಳೆಯರು ದಾಖಲಿಸಿದ್ದಾರೆ.

ಹೆಸರು ಸಿಕ್ಕಿತು. ಲೋಕಕ್ಕೆ ಸಾರುವುದು ಯಾವಾಗ? ಆ ವರ್ಷ ಜರ್ಮನಿಯ ಊರೂರುಗಳಲ್ಲಿ ಮುದ್ರಣ ಕಲೆಯ 400ನೇ ವರ್ಷದ ಉತ್ಸವ. ಮೈಂಟ್ಸ್ ನಗರದ ಯೊಹಾನ್ ಗುಟೆನ್‌ಬರ್ಗ್ ಅಚ್ಚಿನ ಮೊಳೆಗಳನ್ನು ಕಂಡುಹಿಡಿದ ಸಾಧನೆಯನ್ನು ಇಡೀ ಸಮುದಾಯ ತನ್ನದೆಂದು ಕೊಂಡಾಡುತ್ತಿತ್ತು. ಬ್ಲಾಂಕೆನ್‌ಬುರ್ಗ್‌ನಲ್ಲಿ ಉತ್ಸವ ನಡೆದ ದಿನ 1840ರ ಜೂನ್ 28. ಅಂದೇ ಊರಿನ ಪುರಭವನದಲ್ಲಿ ಸಾರ್ವತ್ರಿಕ ಜರ್ಮನ್ ಕಿಂಡರ್‌ಗಾರ್ಟನ್ ಸ್ಥಾಪನೆಯಾಯಿತೆಂದು ಫ್ರೋಬೆಲ್ ಘೋಷಿಸಿದರು.

ಜನ ಸೇರುವ ದಿನ ಎಂಬ ಅನುಕೂಲವೊಂದೇ ಇದಕ್ಕೆ ಕಾರಣವಾಗಿರಲಾರದು. ಕೆಲವೇ ಪಂಡಿತರ ಸೊತ್ತಾಗಿದ್ದ ಅಕ್ಷರವನ್ನು ಅಚ್ಚಿನ ಯಂತ್ರ ಎಲ್ಲರ ಮನೆಗೆ ತಂದಿತ್ತು. ಬಾಲ್ಯದ ಆರೈಕೆಯೂ ಹಾಗೆ ಬಡವ ಬಲ್ಲಿದರೆನ್ನದೆ ಎಲ್ಲ ಮಕ್ಕಳಿಗೂ ದಕ್ಕಬೇಕೆಂಬುದು ಅವರ ಹಂಬಲ. ಜರ್ಮನಿಯ ಹೆಂಗಸರು ತಲಾ ಹತ್ತು ಥೇಲರ್ ಬೆಲೆಯ ಷೇರು ಕೊಂಡು ಈ ತೋಟವನ್ನು ಬೆಳೆಸಬೇಕೆಂದು ಮನವಿ ಮಾಡಿಕೊಂಡರು. ಸರ್ಕಾರದ ಅನುದಾನ ಕೇಳದೆ ತಾಯಂದಿರ ಪಾಲುದಾರಿಕೆ ಕೇಳಿದ್ದು ಅಂದಿಗೆ ಹೊಸ ವಿಚಾರ. ಅಂದಿನ ಹೆಣ್ಣುಮಕ್ಕಳ ಕೈಯಲ್ಲಿ ಸ್ವಂತದ ಹಣವೆಷ್ಟಿತ್ತು ಎಂಬುದನ್ನು ಫ್ರೋಬೆಲ್ ಲೆಕ್ಕ ಹಾಕಿದಂತಿಲ್ಲ. ಷೇರುಗಳು ಖರ್ಚಾಗಲಿಲ್ಲ. ಹಣವಿಲ್ಲದೆ 1844ರಲ್ಲಿ ಬ್ಲಾಂಕೆನ್‌ಬುರ್ಗ್‌ನ ತೋಟ ಬಾಗಿಲು ಹಾಕಿತು.

ಆದರೂ ಬೀಜ ಚೆಲ್ಲಿಯಾಗಿತ್ತು. ಫ್ರೋಬೆಲ್ ಬಳಿ ತರಬೇತಾದ ಇಡಾ ಸೀಲೆ ಅದೇ 1844ರಲ್ಲಿ ಡಾರ್ಮ್‌ಸ್ಟಾಟ್ ನಗರದಲ್ಲಿ ಶಿಕ್ಷಕಿಯಾದರು. ಎಳೆಯರಿಗೆ ಕಲಿಸುವುದು ತರಬೇತಿ ಪಡೆದ ಮಹಿಳೆಯರ ವೃತ್ತಿ ಎಂಬ ಕಲ್ಪನೆ ಹೀಗೆ ಹುಟ್ಟಿತು.

ಅದೇ ವರ್ಷ ಹೊರಬಂದ ತಾಯಂದಿರ ಹಾಡುಗಳ ಪುಸ್ತಕ ಫ್ರೋಬೆಲ್ ಅವರ ಕೃತಿಗಳಲ್ಲೇ ವಿಶಿಷ್ಟವಾದುದು. ಒಂದೊಂದು ಹಾಡಿಗೆ ಒಂದೊಂದು ಚಿತ್ರ, ಒಂದೊಂದು ಬೆರಳಾಟ. ಇಲ್ಲಿ ರಾಜರ ದಿಗ್ವಿಜಯಕ್ಕಿಂತ ರೊಟ್ಟಿ ಸುಡುವವ, ಬಡಗಿ, ಗಾಲಿ ಮಾಡುವವ, ಇದ್ದಿಲು ಸುಡುವವರ ದುಡಿಮೆಯೇ ಹೆಚ್ಚಾಗಿ ಕಾಣುತ್ತದೆ. ಮಸಿ ಹಿಡಿದ ಮುಖದ ಇದ್ದಿಲುಗಾರನನ್ನು ಕಂಡು ಮಗು ಹೆದರಬಾರದು, ಹೀಗಳೆಯಲೂಬಾರದು. ಅವನ ಇದ್ದಿಲಿಲ್ಲದಿದ್ದರೆ ಮಗುವಿನ ಊಟದ ಚಮಚವೂ ತಯಾರಾಗದು. ಹುಲ್ಲು ಕೊಯ್ಯುವವನಿಂದ ಹಸುವಿಗೆ, ಹಸುವಿನಿಂದ ಹಾಲು ಕರೆಯುವವಳಿಗೆ, ಅಲ್ಲಿಂದ ಮಗುವಿನ ಬಟ್ಟಲಿಗೆ ಹಾಲು ಬರುವ ದಾರಿಯನ್ನು ಹಾಡಿ ಎಲ್ಲರಿಗೂ ಕೃತಜ್ಞತೆ ಹೇಳಿಸುವ ಆಟವೂ ಇದೆ. ಊರಿನ ಸಾಧನೆಯನ್ನು ಮೂರು ವರ್ಷದ ಮಗುವಿಗೆ ತಿಳಿಸುವುದು ಹೇಗೆಂಬ ಪ್ರಶ್ನೆಗೆ ಫ್ರೋಬೆಲ್ ಕಂಡುಕೊಂಡ ಉತ್ತರ ಇದು. ಭಾಷಣ ಬೇಡ, ಬಹುಮಾನ ಬೇಡ. ಬಡಗಿಯ ಕೆಲಸವನ್ನು ಮಗುವಿನ ಬೆರಳೇ ಆಡಿ ನೋಡಲಿ.

ಗುಡ್ಡದ ಮೇಲಿನ ಮುದುಕ

1848ರ ಕ್ರಾಂತಿಯ ವರ್ಷ ರುಡೋಲ್‌ಷ್ಟಾಟ್‌ನಲ್ಲಿ ಶಿಕ್ಷಕರ ಸಮಾವೇಶ ಸೇರಿತು. ಮಕ್ಕಳ ಆಟವನ್ನು ಶಿಕ್ಷಕರೆದುರು ತೋರಿಸಿ ಫ್ರೋಬೆಲ್ ತಮ್ಮ ವಾದ ಮುಂದಿಟ್ಟರು. ನಕ್ಕವರೂ ಇದ್ದರು, ಒಪ್ಪಿದವರೂ ಇದ್ದರು. 1849ರಲ್ಲಿ ಖನಿಜ ನೀರಿನ ಬುಗ್ಗೆಗೆ ಹೆಸರಾದ ಲೀಬೆನ್‌ಸ್ಟೈನ್ ಊರಿಗೆ ಬಂದು ನೆಲೆಸಿದಾಗ, ಹಳ್ಳಿಯ ಬರಿಗಾಲ ಮಕ್ಕಳನ್ನು ಕಟ್ಟಿಕೊಂಡು ಗುಡ್ಡದ ಮೇಲೆ ಕುಣಿಯುವ ಈ ಬಿಳಿಗೂದಲಿನ ಅಜ್ಜನನ್ನು ಊರವರು ಹುಚ್ಚು ಮುದುಕನೆಂದೇ ಕರೆಯುತ್ತಿದ್ದರು.

ಆರೈಕೆಗೆಂದು ಅಲ್ಲಿಗೆ ಬಂದಿದ್ದ ಶ್ರೀಮಂತ ಮನೆತನದ ಮಹಿಳೆ ಬೆರ್ತಾ ಫಾನ್ ಮರೆನ್‌ಹೋಲ್ಟ್ಸ್-ಬ್ಯೂಲೋ ಆ ಮಾತು ಕೇಳಿ ಕುತೂಹಲದಿಂದ ಹೋಗಿ ನೋಡಿದರು. ಮಕ್ಕಳ ತಲ್ಲೀನತೆ ಕಂಡು ಬೆರಗಾದರು. ಫ್ರೋಬೆಲ್ ಅವರಿಗೆ ದೊರೆತ ಅತಿ ದೊಡ್ಡ ಬೆಂಬಲ ಈಕೆಯದು. ಹೆಸರಾಂತ ಶಿಕ್ಷಣ ತಜ್ಞ ಡೀಸ್ಟರ್‌ವೆಗ್ ಅವರನ್ನು ಕರೆತಂದು ಪರಿಚಯಿಸಿದವರೂ ಈಕೆಯೇ. ನಗುತ್ತ ಬಂದ ಡೀಸ್ಟರ್‌ವೆಗ್ ಅಭಿಮಾನಿಯಾಗಿ ಉಳಿದರು. 1850ರಲ್ಲಿ ಸ್ಥಳೀಯ ಡ್ಯೂಕ್ ದೊರೆಗೆ ಸೇರಿದ ಮರಿಯನ್‌ಥಾಲ್ ಎಂಬ ಬೇಟೆಯ ಬಂಗಲೆ ಶಿಕ್ಷಕಿಯರ ತರಬೇತಿಗೆ ದೊರೆಯಿತು.

ಆಲ್ಟೆನ್‌ಸ್ಟೈನ್ ಆಟದ ಹಬ್ಬ

1850ರ ಆಗಸ್ಟ್ 4ರಂದು ನಡೆದ ಆಟದ ಹಬ್ಬ ಫ್ರೋಬೆಲ್ ಬದುಕಿನ ಅತ್ಯಂತ ಸಂತೋಷದ ದಿನಗಳಲ್ಲಿ ಒಂದು. ಡ್ಯೂಕ್ ದೊರೆಯ ಬೇಸಿಗೆ ಅರಮನೆಯಿದ್ದ ಆಲ್ಟೆನ್‌ಸ್ಟೈನ್ ಉದ್ಯಾನದಲ್ಲಿ ಸುತ್ತಲಿನ ಊರುಗಳ ಸುಮಾರು 300 ಮಕ್ಕಳು ಸೇರಿದರು. ಹೂ ಮುಡಿದು, ಹಾಡುತ್ತ ಮೆರವಣಿಗೆಯಲ್ಲಿ ಬಂದರು. ಬಂಗಲೆಯಲ್ಲಿ ತರಬೇತಿ ಪಡೆಯುತ್ತಿದ್ದ ಯುವತಿಯರು ಒಂದೊಂದು ಗುಂಪಿನ ಮುಂದಾಳುಗಳಾದರು. ಮಿಡ್ಡೆನ್‌ಡಾರ್ಫ್ ಜೊತೆಗಿದ್ದರು. ನಡುವೆ 68ರ ಹರೆಯದ ಫ್ರೋಬೆಲ್.

ಅಂದು ಮಕ್ಕಳು ಆಡಿದ್ದು ದಿನವೂ ಆಡುತ್ತಿದ್ದ ಆಟಗಳನ್ನೇ. ಕೈ ಕೈ ಹಿಡಿದ ವೃತ್ತ, ವೃತ್ತದೊಳಗೆ ವೃತ್ತ, ಸುತ್ತುವ ಗಾಲಿ, ಹಾಡಿಗೆ ತಕ್ಕ ಹೆಜ್ಜೆ. ಯಾರಿಗೂ ಪಾತ್ರ ಹಂಚಿರಲಿಲ್ಲ, ಯಾರೂ ಮೊದಲ ಸ್ಥಾನ ಪಡೆಯಬೇಕಿರಲಿಲ್ಲ. ನೋಡಲು ಬಂದವರಲ್ಲಿ ಹಳ್ಳಿಯ ರೈತರೂ ಇದ್ದರು, ಆರೈಕೆಗೆ ಬಂದ ಶ್ರೀಮಂತರೂ ಇದ್ದರು. ಬೇರೆ ದಿನ ಒಂದೆಡೆ ಕೂರದ ಈ ಎರಡು ವರ್ಗದವರು ಅಂದು ತಮ್ಮ ಮಕ್ಕಳ ಸುತ್ತ ಒಟ್ಟಿಗೆ ನಿಂತರು. ಹಬ್ಬದಿಂದ ಫ್ರೋಬೆಲ್ ಬಯಸಿದ್ದೂ ಇದನ್ನೇ. ಮಕ್ಕಳ ಆಟ ಊರನ್ನು ಒಂದುಗೂಡಿಸಬಲ್ಲದು, ಊರಿನವರು ಮಕ್ಕಳಿಂದ ಆನಂದಿಸುವುದನ್ನು ಕಲಿಯಬಲ್ಲರು ಎಂಬುದು ಅವರ ನಂಬಿಕೆ. ಈ ಹಬ್ಬದ ವಿವರಗಳನ್ನು ಅಚ್ಚು ಮಾಡಿಸಿ ಬೇರೆ ಊರುಗಳಿಗೂ ಮಾದರಿಯಾಗಲೆಂದು ಹಂಚಿದರು.

ತೋಟದ ವಿನ್ಯಾಸದಲ್ಲೂ ಇದೇ ನಂಬಿಕೆ ಕಾಣುತ್ತದೆ. ಕಿಂಡರ್‌ಗಾರ್ಟನ್ ಎಂದರೆ ಅವರಿಗೆ ಬರೀ ರೂಪಕವಲ್ಲ, ನಿಜವಾದ ತೋಟ. ಪ್ರತಿ ಮಗುವಿಗೂ ಹೆಸರು ಬರೆದ ಪುಟ್ಟ ಮಡಿ. ಅವುಗಳ ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ಹೂವು, ತರಕಾರಿಗಳ ಸಾಮೂಹಿಕ ಮಡಿ. ಸಮುದಾಯ ಸುತ್ತುವರಿದು ಕಾಯಬೇಕು, ವ್ಯಕ್ತಿ ನಡುವೆ ಬೆಳೆಯಬೇಕು. ತನ್ನ ಮಡಿಯಲ್ಲಿ ಮಗು ಏನು ಬಿತ್ತಿದರೂ ಸರಿ. ಸಾಮೂಹಿಕ ಮಡಿಗೆ ನೀರು ಹಾಕುವುದನ್ನು ಮರೆಯುವಂತಿಲ್ಲ.

ನಿಷೇಧದ ಆಜ್ಞೆ

1848ರ ಕ್ರಾಂತಿ ವಿಫಲವಾದ ಮೇಲೆ ಪ್ರಷ್ಯಾ ಸರ್ಕಾರ ಎಲ್ಲೆಡೆ ಪಿತೂರಿಯನ್ನೇ ಕಾಣುತ್ತಿತ್ತು. ಹೆಣ್ಣುಮಕ್ಕಳು ಮನೆಯಿಂದ ಹೊರಬಂದು ಸಂಘ ಕಟ್ಟುವುದು, ಜಾತಿಮತದ ಭೇದವಿಲ್ಲದೆ ಮಕ್ಕಳನ್ನು ಒಂದೆಡೆ ಕೂಡಿಸುವುದು ಅದರ ಕಣ್ಣು ಕುಕ್ಕಿದವು. ಸಾಲದ್ದಕ್ಕೆ ಫ್ರೋಬೆಲ್ ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಹೆಣ್ಣುಮಕ್ಕಳ ಉನ್ನತ ಶಿಕ್ಷಣ ಮತ್ತು ಕಿಂಡರ್‌ಗಾರ್ಟನ್ ಕುರಿತು ಸಮಾಜವಾದಿ ಧೋರಣೆಯ ಕಿರುಹೊತ್ತಗೆ ಪ್ರಕಟಿಸಿದ್ದರು. ಅದನ್ನು ಆಧಾರವಾಗಿಟ್ಟುಕೊಂಡು 1851ರ ಆಗಸ್ಟ್ 7ರಂದು ಪ್ರಷ್ಯಾದ ಶಿಕ್ಷಣ ಮಂತ್ರಿ ಫಾನ್ ರೌಮರ್ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸುವ ಆಜ್ಞೆ ಹೊರಡಿಸಿದರು. ಇವು ಎಳೆಯರನ್ನು ನಾಸ್ತಿಕರನ್ನಾಗಿಸುವ ಸಮಾಜವಾದಿ ವ್ಯವಸ್ಥೆಯ ಭಾಗ ಎಂಬುದು ಆರೋಪ.

ಆಲ್ಟೆನ್‌ಸ್ಟೈನ್ ಹಬ್ಬ ಮುಗಿದು ಸರಿಯಾಗಿ ಒಂದು ವರ್ಷ ಮೂರು ದಿನವಾಗಿತ್ತು. ಫ್ರೋಬೆಲ್ ಆ ವರ್ಷವಷ್ಟೇ ತಮ್ಮ ಶಿಷ್ಯೆ, ಸಹಾಯಕಿ ಲೂಯಿಸ್ ಲೆವಿನ್ ಅವರನ್ನು ಮದುವೆಯಾಗಿದ್ದರು. ಹೊಸ ಸಂಸಾರ, ಹೊಸ ಶಾಲೆ ಎಂಬ ಉತ್ಸಾಹದ ನಡುವೆ ಸಿಡಿಲಿನಂತೆ ಈ ಸುದ್ದಿ ಬಂತು. ಪಾದ್ರಿಯ ಮಗ, ಮಗುವಿನ ಪ್ರತಿ ಆಟದಲ್ಲೂ ದೇವರ ಇರವನ್ನು ಕಾಣುತ್ತಿದ್ದವರು; ಅವರ ಮೇಲೆ ನಾಸ್ತಿಕತೆಯ ಆಪಾದನೆ! ಕಾರ್ಲ್ ಬೇರೆ, ತಾವು ಬೇರೆ ಎಂದು ಫ್ರೋಬೆಲ್ ಮಂತ್ರಿಗೆ ಬರೆದರು. ತಪ್ಪು ಗೊತ್ತಾದ ಮೇಲೂ ಮಂತ್ರಿ ಆಜ್ಞೆಯನ್ನು ಹಿಂತೆಗೆದುಕೊಳ್ಳಲಿಲ್ಲ. ದೊರೆಗೆ ಬರೆದ ಮನವಿಯಿಂದಲೂ ಫಲ ಸಿಗಲಿಲ್ಲ. ಹೆಸರು ತಪ್ಪಿದ್ದು ನೆಪ ಮಾತ್ರ, ಸರ್ಕಾರಕ್ಕೆ ಭಯವಿದ್ದುದು ತೋಟದ ಬಗ್ಗೆಯೇ ಎಂದು ಭಾವಿಸಲು ಇಷ್ಟು ಸಾಕು. ನಿಷೇಧ ಪ್ರಷ್ಯಾದ ಎಲ್ಲೆಯೊಳಗಷ್ಟೇ ಅನ್ವಯಿಸುತ್ತಿದ್ದರೂ ಅದರ ಬಿಸಿ ನೆರೆಯ ಸಂಸ್ಥಾನಗಳಿಗೂ ತಟ್ಟಿತು. ಅಮೆರಿಕಕ್ಕೆ ಹೋಗಿ ಅಲ್ಲಿ ಕೆಲಸ ಮುಂದುವರಿಸುವ ಯೋಚನೆಯೂ ಫ್ರೋಬೆಲ್ ಮನಸ್ಸಿನಲ್ಲಿ ಸುಳಿಯಿತು.

ಮರಿಯನ್‌ಥಾಲ್ ಬಂಗಲೆ ಪ್ರಷ್ಯಾದ ಹೊರಗಿದ್ದುದರಿಂದ ತರಬೇತಿ ನಿಲ್ಲಲಿಲ್ಲ. 1852ರ ಏಪ್ರಿಲ್ 21ರಂದು ಫ್ರೋಬೆಲ್‌ಗೆ 70 ತುಂಬಿತು. ಬೆಳಕು ಹರಿಯುವಾಗಲೇ ಶಿಷ್ಯೆಯರ ಹಾಡು, ಕೋಣೆತುಂಬ ಹೂಮಾಲೆ. ನೆರೆಯೂರುಗಳ ಮಕ್ಕಳು ಬಂದು ಆಡಿದರು, ಉಡುಗೊರೆ ಕೊಟ್ಟರು. ಸರ್ಕಾರ ಅಪಾಯಕಾರಿ ಎಂದು ಸಾರಿದ ಮನುಷ್ಯನ ಹುಟ್ಟುಹಬ್ಬಕ್ಕೆ ಹೆತ್ತವರು ತಮ್ಮ ಮಕ್ಕಳನ್ನು ಕಳುಹಿಸಿದ್ದರು. ಯಾವ ಪ್ರತಿಭಟನಾ ಸಭೆಗೂ ಕಡಿಮೆಯಿಲ್ಲದ ಉತ್ತರ ಅದು.

ಬೇಸಿಗೆಯ ಆರಂಭದಲ್ಲಿ ಗೋಥಾದಲ್ಲಿ ನಡೆದ ಜರ್ಮನ್ ಶಿಕ್ಷಕರ ಮಹಾಸಭೆಗೆ ಫ್ರೋಬೆಲ್‌ಗೆ ಆಹ್ವಾನವಿತ್ತು. ಅವರು ಒಳಗೆ ಬಂದಾಗ ಭಾಷಣವೊಂದು ನಡೆದಿತ್ತು. ಸಭೆಗೆ ಸಭೆಯೇ ಎದ್ದು ನಿಂತು ಜಯಕಾರ ಹಾಕಿತು. ನಾಲ್ಕು ವರ್ಷದ ಹಿಂದೆ ನಕ್ಕಿದ್ದ ವೃತ್ತಿಬಾಂಧವರು ಸಲ್ಲಿಸಿದ ಗೌರವ ಇದು. ಕೆಲವೇ ವಾರಗಳಲ್ಲಿ, 1852ರ ಜೂನ್ 21ರಂದು, ಮರಿಯನ್‌ಥಾಲ್‌ನಲ್ಲಿ ಫ್ರೋಬೆಲ್ ಕೊನೆಯುಸಿರೆಳೆದರು. ಮಿಡ್ಡೆನ್‌ಡಾರ್ಫ್ ಪಕ್ಕದಲ್ಲಿದ್ದರು, ಮರುವರ್ಷ ಅವರೂ ತೀರಿಕೊಂಡರು.

ಬೀಗ ತೆರೆದ ಮೇಲೆ

ಮರೆನ್‌ಹೋಲ್ಟ್ಸ್-ಬ್ಯೂಲೋ ಮುಂದಿನ ವರ್ಷಗಳಲ್ಲಿ ಲಂಡನ್, ಪ್ಯಾರಿಸ್ ಮುಂತಾದ ನಗರಗಳಲ್ಲಿ ಸಂಚರಿಸಿ ಗುರುವಿನ ವಿಚಾರಗಳನ್ನು ಹರಡಿದರು. 1860ರಲ್ಲಿ ಪ್ರಷ್ಯಾ ನಿಷೇಧವನ್ನು ತೆರವುಗೊಳಿಸಿತು. ಅಷ್ಟರಲ್ಲಿ ಕ್ರಾಂತಿಯ ನಂತರ ದೇಶ ಬಿಟ್ಟವರು ತೋಟವನ್ನು ಹೊರದೇಶಗಳಲ್ಲಿ ನೆಟ್ಟಾಗಿತ್ತು. ಮಾರ್ಗರೆಥೆ ಷುರ್ಟ್ಸ್ 1856ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್‌ನಲ್ಲಿ, ಎಲಿಜಬೆತ್ ಪೀಬಡಿ 1860ರಲ್ಲಿ ಬಾಸ್ಟನ್‌ನಲ್ಲಿ ಕಿಂಡರ್‌ಗಾರ್ಟನ್ ತೆರೆದರು. 1873ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೂಸನ್ ಬ್ಲೋ ಅದನ್ನು ಸರ್ಕಾರಿ ಶಾಲೆಯ ಅಂಗವಾಗಿಸಿದರು. 1876ರಲ್ಲಿ ಟೋಕಿಯೋಗೂ ಅದು ತಲುಪಿತು.

ಅದೇ 1876ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ನೂರನೇ ವರ್ಷವನ್ನು ಫಿಲಡೆಲ್ಫಿಯಾದಲ್ಲಿ ಭಾರೀ ವಸ್ತುಪ್ರದರ್ಶನ ನಡೆಸಿ ಆಚರಿಸಿತು. ಅಲ್ಲಿ ಮಾದರಿ ಕಿಂಡರ್‌ಗಾರ್ಟನ್ ಒಂದನ್ನು ನಡೆಸಿ ತೋರಿಸಲಾಯಿತು. ನೋಡಲು ಬಂದ ಶಿಕ್ಷಕಿಯೊಬ್ಬರು ಫ್ರೋಬೆಲ್ ಕಾಣಿಕೆಗಳನ್ನು ಕಂಡು ತಮ್ಮ ಮಗನಿಗೆ ತಂದುಕೊಟ್ಟರು. ಆ ಹುಡುಗ ಮುಂದೆ ಜಗದ್ವಿಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ನುಣುಪು ತಮ್ಮ ಬೆರಳಿಂದ ಎಂದೂ ಮಾಸಲಿಲ್ಲವೆಂದು ರೈಟ್ ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಹುಟ್ಟೂರಿನ ಬೆಟ್ಟದ ಮೇಲೆ 1890ರಲ್ಲಿ ಫ್ರೋಬೆಲ್ ನೆನಪಿಗೆ ಗೋಪುರವೊಂದು ಎದ್ದಿತು. 1982ರಲ್ಲಿ, ಅವರ 200ನೇ ಜನ್ಮವರ್ಷದಲ್ಲಿ, ಬ್ಲಾಂಕೆನ್‌ಬುರ್ಗ್‌ನಲ್ಲಿ ಮೊದಲ ತೋಟ ನಡೆದ ಮನೆ ವಸ್ತುಸಂಗ್ರಹಾಲಯವಾಯಿತು. ಸಮಾಧಿಯಿರುವುದು ಮರಿಯನ್‌ಥಾಲ್ ಪಕ್ಕದ ಶ್ವೈನಾ ಊರಿನಲ್ಲಿ. ಅಲ್ಲಿ ನಿಲ್ಲಿಸಿರುವ ಕಲ್ಲಿಗೆ ಪ್ರತಿಮೆಯಿಲ್ಲ, ಶಿಲುಬೆಯಿಲ್ಲ. ಒಂದು ಘನ, ಅದರ ಮೇಲೊಂದು ಉರುಳೆ, ಅದರ ಮೇಲೊಂದು ಗೋಲ.